ನಿಜವೆಂದು ಹೇಳಿಕೊಳ್ಳದ ಚಿತ್ರ

(ಗಾಳಿಬೀಡಿನ ಅನುಭಾವ ಗೋಷ್ಠಿಯಲ್ಲಿ ಆಡಿದ ಮಾತು)



ಮೊದಲಿಗೆ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳುತ್ತೇನೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜರಿದಾಗ ನಾನು ಮೈಸೂರಿನಲ್ಲಿದ್ದೆ. ಮೊಬೈಲಿಗೆ ಒಂದು ಚಿತ್ರ ಬಂತು. ಕೆಸರಿನಲ್ಲಿ ಅರ್ಧ ಹೂತ ಮನೆ. ಕೆಳಗೆ 'ಗಾಳಿಬೀಡು' ಎಂದು ಬರೆದಿತ್ತು. ಕಣ್ಣು ತುಂಬಿತು. ಕೂಡಲೇ ಇಪ್ಪತ್ತು ಮಂದಿಗೆ ಕಳಿಸಿದೆ. ಮರುದಿನ ಇಲ್ಲಿಯ ಹಿರಿಯರೊಬ್ಬರು ಫೋನ್ ಮಾಡಿದರು: "ಅದು ನಮ್ಮೂರಲ್ಲ ಸ್ವಾಮಿ. ಅದನ್ನು ನೋಡಿ ದೂರದಲ್ಲಿರುವ ನನ್ನ ಮಗ ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ." ನನ್ನ ಕನಿಕರ ನಿಜವಾಗಿತ್ತು, ನಾನು ಹಂಚಿದ್ದು ಸುಳ್ಳಾಗಿತ್ತು. ಆ ಹಿರಿಯರ ಎದುರಿಗೇ ಇಂದು ಚಿತ್ರದ ಮಾತಾಡುತ್ತಿದ್ದೇನೆ.

ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್. ಅವರು ಶಿಲ್ಪಕಲೆ ಕಲಿತವರು. ಮುಂದೆ ತಾವೇ ವೇಷ ಧರಿಸಿ ಫೋಟೋದೊಳಗೆ ನಿಲ್ಲತೊಡಗಿದರು. ಛಾಯಾಗ್ರಾಹಕಿ ಕ್ಲೇರ್ ಆರ್ನಿ ಅವರೊಂದಿಗೆ 2000ರಿಂದ 2004ರವರೆಗೆ ದಕ್ಷಿಣ ಭಾರತದ ಸ್ತ್ರೀಯರ ಕುರಿತು ಒಂದು ಚಿತ್ರಮಾಲೆ ಮಾಡಿದರು. ರವಿವರ್ಮನ ಲಕ್ಷ್ಮಿಯಾಗಿ ನಿಂತವರು ಅವರೇ. ಪೊಲೀಸರಿಗೆ ಸಿಕ್ಕಿಬಿದ್ದ ಕಳ್ಳಿಯಾಗಿ ನಿಂತವರೂ ಅವರೇ. ಬ್ರಿಟಿಷರ ಕಾಲದಲ್ಲಿ ಮನುಷ್ಯರನ್ನು ಚೌಕಳಿ ಪರದೆಯ ಮುಂದೆ ನಿಲ್ಲಿಸಿ, ಅಳತೆ ತೆಗೆದು, 'ಇವರು ಇಂಥ ಕುಲದವರು' ಎಂದು ದಾಖಲಿಸುತ್ತಿದ್ದರು. ಆ ಪರದೆಯ ಮುಂದೆಯೂ ಅವರು ನಿಂತರು.

ಎಲ್ಲವೂ ಕಟ್ಟಿದ ದೃಶ್ಯ. ಅದನ್ನು ಅವರು ಮುಚ್ಚಿಡುವುದಿಲ್ಲ. ದೇವಿಗೂ ಕಳ್ಳಿಗೂ ಒಂದೇ ಮುಖ! ಹಾಗಾದರೆ ಒಬ್ಬಳಿಗೆ ಕೈಮುಗಿದು, ಇನ್ನೊಬ್ಬಳನ್ನು ಅನುಮಾನಿಸಿದ ನಾವು ನೋಡಿದ್ದು ಯಾರನ್ನು? ಮನುಷ್ಯಳನ್ನೋ, ಉಡುಗೆಯನ್ನೋ? ಕುಲ ನೋಡಿ ಮನುಷ್ಯರನ್ನು ಅಳೆಯಬೇಡಿ ಎಂದ ಶರಣರ ಮಕ್ಕಳಿಗೆ ಈ ಪ್ರಶ್ನೆ ಚುಚ್ಚಬೇಕು.

ನಮ್ಮ ಮನೆಯ ಗೋಡೆಗೂ ಬರೋಣ. ಬಸವಣ್ಣನವರನ್ನು ಕಣ್ಣಾರೆ ಕಂಡು ಬರೆದ ಚಿತ್ರ ನಮ್ಮಲ್ಲಿ ಉಳಿದಿಲ್ಲ. ಕ್ಯಾಲೆಂಡರಿನ ಮುಖ, ಕಿರೀಟ, ಕುದುರೆ ಎಲ್ಲವೂ ಚಿತ್ರಕಾರರ ಭಕ್ತಿಯ ಕಲ್ಪನೆ. ಕಲ್ಪನೆ ತಪ್ಪಲ್ಲ, ಅದನ್ನೇ ನಿಜವೆಂದು ನಂಬಿ ಕೂತರೆ ತಪ್ಪು. ಕಿರೀಟಕ್ಕೆ ಹಾರ ಹಾಕಿ ವಚನವನ್ನು ಮರೆತರೆ ಉಳಿಯುವುದು ವೇಷ ಮಾತ್ರ. ಅವರನ್ನು ಕಾಣಬೇಕಾದರೆ ವಚನದಲ್ಲಿ ಕಾಣಬೇಕು, ನಮ್ಮ ನಡೆಯಲ್ಲಿ ತೋರಿಸಬೇಕು.

'ಇದು ವೇಷ' ಎಂದು ಹೇಳಿ ನಿಜದತ್ತ ಕರೆದೊಯ್ಯುವುದು ಆ ಕಲಾವಿದೆಯ ದಾರಿ. 'ಇದು ನಿಜ' ಎಂದು ಹೇಳಿ ಸುಳ್ಳು ದಾಟಿಸಿದ್ದು ನನ್ನ ಮೊಬೈಲು. ಮೊಬೈಲಲ್ಲ, ನನ್ನ ಕೈ. ಅಂದಿನಿಂದ ಯಾವ ಚಿತ್ರ ಬಂದರೂ ಮೂರು ಮಾತು ಕೇಳಿಕೊಳ್ಳುತ್ತೇನೆ: ಯಾರು ತೆಗೆದದ್ದು? ಎಲ್ಲಿಯದು? ಯಾವಾಗಿನದು? ಉತ್ತರ ಸಿಗದಿದ್ದರೆ ಮುಂದಕ್ಕೆ ಕಳಿಸುವುದಿಲ್ಲ. ಮಳೆಗಾಲ ಮತ್ತೆ ಬರುತ್ತದೆ. ನೀವೂ ಹಾಗೆಯೇ ಮಾಡಿ ಎಂದು ಬೇಡಿಕೊಳ್ಳುತ್ತೇನೆ.

ಆ ಹಿರಿಯರು ಮುಂದಿನ ಸಾಲಿನಲ್ಲಿಯೇ ಕೂತಿದ್ದಾರೆ. ಅವರಿಗೆ ನನ್ನ ಶರಣು.