ಒಂದೇ ಸಿನಿಮಾ, ಹತ್ತು ಪ್ಯಾಕಿಂಗ್

ನಾನು ಪುಣೆಯಲ್ಲಿ ವಿಡಿಯೋ ಪ್ಲೇಯರ್‌ಗಳ ಮೇಲೆ ಕೆಲಸ ಮಾಡೋನು. ಸ್ಟ್ರೀಮಿಂಗ್‌ಗೆ ಎಲ್ಲರೂ ಒಪ್ಪಿದ ಒಂದು ಸ್ಟ್ಯಾಂಡರ್ಡ್ ಇಲ್ಲದಿದ್ರೆ ಪೆಟ್ಟು ಯಾರಿಗೆ ಬೀಳುತ್ತೆ? ಇವತ್ತಿನ ಮಾತು ಇಷ್ಟೇ.

ಟೂರಿಂಗ್ ಟಾಕೀಸ್ ನೆನಪು ಮಾಡ್ಕೊಳ್ಳಿ. ಬೆಂಗಳೂರಿನ ಥಿಯೇಟರಲ್ಲಿ ಓಡಿದ 35 ಎಂಎಂ ರೀಲೇ ಹಳ್ಳಿ ಟೆಂಟಲ್ಲೂ ಓಡ್ತಿತ್ತು. ಪ್ರೊಜೆಕ್ಟರ್ ಯಾವ ಕಂಪನೀದು ಅಂತ ಯಾರೂ ಕೇಳ್ತಿರಲಿಲ್ಲ. ರೀಲಿನ ಅಗಲ, ಅಂಚಿನ ತೂತು ಎಲ್ಲ ಕಡೆ ಒಂದೇ ಅಳತೆ.

ಸ್ಟ್ರೀಮಿಂಗ್‌ನಲ್ಲಿ ಹಾಗಾಗಲಿಲ್ಲ. 2009ರಲ್ಲಿ ಆಪಲ್ ಎಚ್‌ಎಲ್‌ಎಸ್ ತಂತು. 2012ರಲ್ಲಿ ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್ ಆಗಿ ಎಂಪೆಗ್-ಡ್ಯಾಶ್ ಬಂತು. ಎರಡರ ಉಪಾಯವೂ ಒಂದೇ: ವಿಡಿಯೋನ ಕೆಲವು ಸೆಕೆಂಡಿನ ತುಂಡುಗಳಾಗಿ ಕತ್ತರಿಸಿ, ನೆಟ್ ವೇಗಕ್ಕೆ ತಕ್ಕ ಕ್ವಾಲಿಟಿ ಕಳಿಸೋದು. ಆದರೆ ತುಂಡು ಕಟ್ಟೋ ರೀತಿ ಬೇರೆ. ಸಿನಿಮಾನ ಐದು ಕ್ವಾಲಿಟಿಯಲ್ಲಿ ಇಟ್ಟರೆ ಎರಡೂ ಸೇರಿ ಹತ್ತು ಪ್ರತಿ. ಸ್ಟೋರೇಜ್ ಬಿಲ್ಲೂ ಹೆಚ್ಚುಕಡಿಮೆ ಎರಡರಷ್ಟು.

2016ರಲ್ಲಿ ಆಪಲ್ ಎಚ್‌ಎಲ್‌ಎಸ್‌ನಲ್ಲೂ ಎಂಪಿ4 ತುಂಡುಗಳನ್ನ ಒಪ್ಪಿಕೊಂಡಿತು. 2018ರಲ್ಲಿ ಸಿಮ್ಯಾಫ್ ಸ್ಟ್ಯಾಂಡರ್ಡ್ ಪ್ರಕಟವಾಯ್ತು. ಈಗ ತುಂಡುಗಳು ಒಂದೇ ಸೆಟ್ ಸಾಕು. ತುಂಡುಗಳ ಪಟ್ಟಿ ಮಾತ್ರ ಎರಡು. ಪಟ್ಟಿ ಅಂದ್ರೆ ಸಣ್ಣ ಟೆಕ್ಸ್ಟ್ ಫೈಲು, ಅದಕ್ಕೆ ಖರ್ಚಿಲ್ಲ.

ಸಮಸ್ಯೆ ಮುಗೀತಾ? ಇಲ್ಲ, ಬೀಗ ಉಳೀತು. ದುಡ್ಡು ಕೊಟ್ಟು ನೋಡೋ ವಿಡಿಯೋಗೆ ಡಿಆರ್‌ಎಂ ಬೇಕು. ಕಾಮನ್ ಎನ್‌ಕ್ರಿಪ್ಷನ್ ಅಂತ ಹೆಸರಿದ್ರೂ ಅದರಲ್ಲೇ ಎರಡು ಮುಖ್ಯ ಬಗೆ: ಸಿಟಿಆರ್, ಸಿಬಿಸಿ. ಆಪಲ್‌ನ ಫೇರ್‌ಪ್ಲೇಗೆ ಸಿಬಿಸಿ ಬಗೆಯೇ ಬೇಕು. ಎಷ್ಟೋ ಹಳೇ ಟಿವಿ, ಹಳೇ ಆಂಡ್ರಾಯ್ಡ್ ಸಾಧನಗಳಿಗೆ ಸಿಟಿಆರ್ ಮಾತ್ರ ಗೊತ್ತು. ಎಲ್ಲರನ್ನೂ ಮುಟ್ಟಬೇಕಾದ್ರೆ ಐದು ಮತ್ತೆ ಹತ್ತಾಯ್ತು!

ದೊಡ್ಡ ಕಂಪನಿಗಳು ಈ ಖರ್ಚು ತಡ್ಕೊಳ್ತವೆ. ಟಿಕೆಟ್ ಇಟ್ಟು ಕನ್ನಡ ನಾಟಕ ಸ್ಟ್ರೀಮ್ ಮಾಡೋ ಸಣ್ಣ ತಂಡ ಏನ್ಮಾಡಬೇಕು? ಒಂದು ಬಗೆ ಕೈಬಿಡುತ್ತೆ. ಆಗ ಯಾರದೋ ಮನೆ ಟಿವಿಯಲ್ಲಿ ಪರದೆ ಕಪ್ಪು. ನೋಡೋರು ಟಿವಿಯನ್ನ ಬಯ್ಯಲ್ಲ, "ಈ ಕನ್ನಡ ಆಪ್‌ಗಳೇ ಇಷ್ಟು" ಅಂತಾರೆ. ಸ್ಟ್ಯಾಂಡರ್ಡ್ ಇಲ್ಲದ ಕಡೆ ಚಿಕ್ಕ ಮಾರುಕಟ್ಟೆಯ ಭಾಷೆ ಮೊದಲು ಸೋಲುತ್ತೆ.

ಈ ಫೀಲ್ಡಲ್ಲಿ ಇರೋರಿಗೆ ನನ್ನ ಕೋರಿಕೆ ಮೂರು. ಹೊಸ ಪ್ರಾಜೆಕ್ಟ್‌ನಲ್ಲಿ ಸಿಮ್ಯಾಫ್ ಮತ್ತು ಸಿಬಿಸಿಯಿಂದ ಶುರು ಮಾಡಿ. ಸಬ್‌ಟೈಟಲನ್ನ ಚಿತ್ರದ ಮೇಲೆ ಸುಡಬೇಡಿ, ವೆಬ್‌ವಿಟಿಟಿಯಲ್ಲಿ ಬೇರೆ ಕೊಡಿ. ಕನ್ನಡ ಆಡಿಯೋಗೆ "ಕೆಎನ್" ಭಾಷಾ ಸಂಕೇತ ಹಾಕಿ. ಭಾಷೆಯ ಆಯ್ಕೆ ನೋಡೋ ಪ್ಲೇಯರ್ ಆಗ ತಾನಾಗೇ ಕನ್ನಡ ಹಾಡುತ್ತೆ. ಇದಕ್ಕೆ ಬಜೆಟ್ ಬೇಕಿಲ್ಲ. ಡಿಸೈನ್ ಮೀಟಿಂಗಲ್ಲಿ ಒಬ್ಬರು ಬಾಯಿಬಿಟ್ಟು ಕೇಳಿದ್ರೆ ಸಾಕು.