ಹಬ್ಬ ಮುಗಿದ ಮೇಲಿನ ತಿಂಗಳುಗಳು
(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಆಡಿದ ಮಾತುಗಳು)



2025ರಲ್ಲಿ ಮಾರ್ಚ್ 30ಕ್ಕೆ ಯುಗಾದಿ, 31ಕ್ಕೆ ರಂಜಾನ್ ಹಬ್ಬ. ಮಂಡ್ಯ, ಮದ್ದೂರು, ಮಳವಳ್ಳಿಯಲ್ಲಿ ನೆರೆಮನೆಯ ಒಬ್ಬಟ್ಟು ಬಂದ ಡಬ್ಬಿಯಲ್ಲೇ ಮರುದಿನ ಶೀರ್ ಖುರ್ಮಾ ಕಳಿಸಬಹುದಾಗಿತ್ತು. ಡಬ್ಬಿಯನ್ನು ಬರಿದಾಗಿ ಹಿಂದಿರುಗಿಸಬಾರದೆಂದು ನಮ್ಮ ಹಿರಿಯರು ಕಲಿಸಿದ್ದಾರೆ. ಶುಕ್ರ್ ಎಂದರೂ ಅದೇ.

ಹಿಜರಿ ವರ್ಷಕ್ಕೆ ಸುಮಾರು 354 ದಿನ, ಅಧಿಕಮಾಸವಿಲ್ಲ. ಆದ್ದರಿಂದ ರಂಜಾನ್ ಪ್ರತಿ ವರ್ಷ ಹತ್ತು-ಹನ್ನೊಂದು ದಿನ ಮುಂಚೆ ಬರುತ್ತದೆ. ಶಾಲೆ ತೆರೆಯುವುದು ಮಾತ್ರ ಮೇ ಕೊನೆಗೆ ಇಲ್ಲವೇ ಜೂನ್‌ನಲ್ಲೇ. ಬಹಳ ಜನ ಝಕಾತ್ ಕೊಡುವುದು ರಂಜಾನ್‌ನಲ್ಲಿ. ಹಾಸ್ಟೆಲ್, ಪರೀಕ್ಷಾ ಶುಲ್ಕ ಕಟ್ಟುವ ಹೊತ್ತಿಗೆ ಹಬ್ಬ ಮುಗಿದು ತಿಂಗಳುಗಳಾಗಿರುತ್ತವೆ. ಆಗ ಕೈಯಲ್ಲಿ ಹಣವಿಲ್ಲದಿದ್ದರೆ ಎಷ್ಟೋ ಮನೆಗಳಲ್ಲಿ ಮೊದಲು ನಿಲ್ಲುವುದು ಮಗಳ ಓದು.

ದಾನಿಗಳಲ್ಲಿ ಒಂದು ವಿನಂತಿ. ನೂರಕ್ಕೆ ಎರಡೂವರೆಯ ಝಕಾತ್ ಲೆಕ್ಕ ಹಾಕಿ ಕೊಡುವ ಕಡ್ಡಾಯ ದಾನ. ಸದಕಾಗೆ ತಿಂಗಳಿಲ್ಲ, ಮಿತಿಯಿಲ್ಲ. ಕಬ್ಬಿನ ಹಣ ಬಂದಾಗ, ವ್ಯಾಪಾರ ಚೆನ್ನಾಗಿ ನಡೆದಾಗ, ಸಂಬಳದ ದಿನ ಸ್ವಲ್ಪ ಎತ್ತಿಡಿ.

ಹೆತ್ತವರೇ, ಅಂಕಪಟ್ಟಿ, ಆದಾಯ ಪ್ರಮಾಣಪತ್ರದೊಂದಿಗೆ ಅರ್ಜಿಯನ್ನು ಬೇಗ ಕೊಡಿ. ಸಂಕೋಚ ಬೇಡ. ಮಕ್ಕಳೇ, ನಾಳೆ ನೀವು ದುಡಿಯುವಾಗ ಒಂದು ಮಗುವಿನ ಪುಸ್ತಕದ ಖರ್ಚು ವಹಿಸಿಕೊಳ್ಳಿ.

ಅಲ್ಲಾಹನು ಎಲ್ಲರ ದುಡಿಮೆಯಲ್ಲೂ ಬರಕತ್ ನೀಡಲಿ. ಆಮೀನ್.