ಗಟ್ಟಿ ಪ್ಲಾಸ್ಟಿಕ್ಕಿನ ಗುಣವರಿಯೋಣ

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಪ್ಲಾಸ್ಟಿಕ್ ಎಂದೊಡನೆ ಕೈಚೀಲವೇ ಕಣ್ಣಿಗೆ ಬರುತ್ತದೆ. ಆದರೆ ದಕ್ಷಿಣ ಬೆಂಗಳೂರಿನ ಜಯನಗರ, ಜೆ.ಪಿ. ನಗರ, ಬನಶಂಕರಿಗಳ ಒಣಕಸದಲ್ಲಿ ಒಡೆದ ಮಿಕ್ಸಿ, ಟಿ.ವಿ. ಕವಚ, ಸ್ವಿಚ್ಚುಗಳೂ ಇರುತ್ತವೆ. ಆ ನಗರದಲ್ಲಿ 2012ರ ಅಕ್ಟೋಬರ್‌ನಿಂದ ಕಸವನ್ನು ಮನೆಯಲ್ಲೇ ಬೇರ್ಪಡಿಸುವುದು ಕಡ್ಡಾಯವಾಯಿತು. 2015ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಎರಡು ಬುಟ್ಟಿ, ಒಂದು ಚೀಲದ ಕ್ರಮವನ್ನು ವಿಧಿಸಿತು. ಆ ಚೀಲದಲ್ಲಿ ಬಂದುದನ್ನು ಬಗೆಬಗೆಯಾಗಿ ವಿಂಗಡಿಸುವವರಲ್ಲಿ ಹಿಂದೆ ಬೀದಿಯಲ್ಲಿ ಚಿಂದಿ ಆಯುತ್ತಿದ್ದವರು ಅನೇಕರು. ಅವರ ಈ ತಿಳಿವಳಿಕೆ ಮಲೆನಾಡಿಗೂ ಅಗತ್ಯವಾಗಿದೆ.

ಕಾಸಿದಾಗ ಮೆತ್ತಗಾಗಿ, ತಣಿದಾಗ ಗಟ್ಟಿಯಾಗಿ, ಮತ್ತೆ ಕರಗಿಸಲು ಬರುವುದು ಥರ್ಮೋಪ್ಲಾಸ್ಟಿಕ್. ಬೇಕಲೈಟ್ ಹಾಗಲ್ಲ, ಒಮ್ಮೆ ಗಟ್ಟಿಯಾದರೆ ಮತ್ತೆ ಕರಗದು. ಥರ್ಮೋಪ್ಲಾಸ್ಟಿಕ್‌ಗಳಲ್ಲಿ ಯಂತ್ರಭಾಗಗಳಿಗೆ ಲೋಹದ ಬದಲು ಸಲ್ಲುವಷ್ಟು ಬಲವುಳ್ಳವು ಎಂಜಿನಿಯರಿಂಗ್ ಪ್ಲಾಸ್ಟಿಕ್‌ಗಳು.

ಎಬಿಎಸ್ ಪೆಟ್ಟು ತಾಳುತ್ತದೆ, ಸುಮಾರು 100 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಮೆತ್ತಗಾಗುತ್ತದೆ, ಬಿಸಿಲಿಗೆ ಪೆಡಸಾಗುತ್ತದೆ. ಹೆಲ್ಮೆಟ್ಟು, ಉಪಕರಣಗಳ ಕವಚ ಇದರವು. ಪಾಲಿಕಾರ್ಬೊನೇಟ್ ಗಾಜಿನಂತೆ ಪಾರದರ್ಶಕ, ಆದರೆ ಸುಲಭವಾಗಿ ಒಡೆಯದು. ಗೀರು ಮಾತ್ರ ಬೇಗ ಬೀಳುತ್ತದೆ. ನೈಲಾನ್ 6 ಸುಮಾರು 220 ಡಿಗ್ರಿಯಲ್ಲಿ ಕರಗುತ್ತದೆ. ಸವೆತಕ್ಕೆ ಜಗ್ಗದು, ಆದರೆ ನೀರು ಹೀರಿ ಹಿಗ್ಗುತ್ತದೆ. ಅಸಿಟಾಲ್ ಜಾರುಗುಣದ್ದು, ನೀರನ್ನು ಹೆಚ್ಚು ಹೀರದು. ಆದುದರಿಂದಲೇ ತೋಟದ ಸ್ಪ್ರಿಂಕ್ಲರ್‌ಗಳ ತಿರುಗುವ ಭಾಗಕ್ಕೆ ಇದು ಒದಗುತ್ತದೆ.

ಇವನ್ನು ಗುರುತಿಸಲು ನೀರು, ಉಪ್ಪು ಸಾಕು. ಬಕೆಟ್ಟು, ಕೊಡಗಳ ಸಾಮಾನ್ಯ ಪ್ಲಾಸ್ಟಿಕ್ ನೀರಿನಲ್ಲಿ ತೇಲುತ್ತದೆ. ಎಬಿಎಸ್, ನೈಲಾನ್ ಮುಳುಗುತ್ತವೆ. ಇನ್ನು ಕರಗದಷ್ಟು ಉಪ್ಪು ಬೆರೆಸಿದ ನೀರಿನಲ್ಲಿ ಇವೆರಡೂ ತೇಲುತ್ತವೆ. ಅಸಿಟಾಲ್ ಅಲ್ಲಿಯೂ ಮುಳುಗುತ್ತದೆ. ಗಾಜಿನ ನಾರು ಬೆರೆತಿದ್ದರೆ ಈ ಪರೀಕ್ಷೆ ಸಲ್ಲದು. ಆಗ ವಸ್ತುವಿನ ಒಳಮೈಯಲ್ಲಿ ಅಚ್ಚಾದ ಹೆಸರನ್ನೇ ನೋಡಬೇಕು.

ಬೇರ್ಪಡಿಸುವುದೇಕೆ? ಎಬಿಎಸ್ ಮತ್ತು ನೈಲಾನ್‌ಗಳನ್ನು ಹಾಗೆಯೇ ಕೂಡಿಸಿ ಕರಗಿಸಿದರೆ ಒಂದಕ್ಕೊಂದು ಬೆರೆಯವು. ಹುಟ್ಟುವ ವಸ್ತು ದುರ್ಬಲ. ಬೇರೆ ಬೇರೆ ಇದ್ದರೆ ಅದೇ ಗುಜರಿಗೆ ಬೆಲೆಯುಂಟು. ಬಚ್ಚಲ ಒಲೆಗೆ ಹಾಕಿದರೆ ಇವೆರಡರಿಂದಲೂ ಹೈಡ್ರೋಜನ್ ಸಯನೈಡ್ ಎಂಬ ವಿಷಾನಿಲ ಹೊಮ್ಮಬಹುದು. ಆ ಹೊಗೆಯನ್ನು ಮೊದಲು ಕುಡಿಯುವವರು ಒಲೆಯ ಮುಂದೆ ಕುಳಿತ ತಾಯಂದಿರು ಮತ್ತು ಮಕ್ಕಳು. ಹಳ್ಳಕ್ಕೆ ಎಸೆದರೆ ಅದು ಕೊಳೆಯದೆ, ಚೂರುಚೂರಾಗಿ ಕೆಳಗಿನ ಊರಿನ ನೀರು ಸೇರುತ್ತದೆ.

ಆದುದರಿಂದ ಮೊದಲು ರಿಪೇರಿ. ಅದಾಗದಿದ್ದರೆ ಊರಿಗೊಂದೆಡೆ ಕೂಡಿಡುವುದು. ಶಾಲಾ ಮಕ್ಕಳ ನೆರವಿನಿಂದ ವಿಂಗಡಿಸಿ ಗುಜರಿಗೆ ಕಳಿಸುವುದು. ಬಾಳಿಕೆ ಬರಲೆಂದು ಮಾಡಿದ ವಸ್ತುವನ್ನು ಬಾಳಿಸುವುದೇ ವಿವೇಕ.